ಬರವಣಿಗೆ ನಿಂತಿತೆಂದ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿನ್ನ ಪತ್ರವೂ ಅದರೊಡನೆ ಕಳಿಸಿದ ಕಾದಂಬರಿಯ ಹಸ್ತಪ್ರತಿಯೂ ಕೈಸೇರಿದವು. ನಿನ್ನಲ್ಲಿದ್ದ ಸರಕೆಲ್ಲ ತೀರಿತು, ಇನ್ನು ಬರೆಯಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿಸ್ಸೆಯ ಪಂಚಾಯಿತಿಗೆಂದು ಹಿರಿಯರು ಜಗಲಿಯ ಮೇಲೆ ಬಂದು ಕೂರುವವರೆಗೆ ಕಥೆ ಎಲ್ಲಿಯೂ ತಡವರಿಸಿಲ್ಲ. ತಾಯಿ ಒಳಗಿನಿಂದ ಬಂದು ಬಾಗಿಲವಾಡಕ್ಕೆ ಒರಗಿ ಬಾಯಿ ತೆರೆಯಬೇಕಾದ ಕಡೆ ಮಾತ್ರ, ಒಂದೇ ವಾಕ್ಯವನ್ನು ಬರೆದು, ಹೊಡೆದುಹಾಕಿ, ಅಂಚಿನಲ್ಲಿ ಮತ್ತೆ ಬರೆದು, ಅದನ್ನೂ ಹೊಡೆದುಹಾಕಿ, ಕಾಗದವೇ ಹರಿಯುವಂತೆ ಮಾಡಿದ್ದೀಯೆ. ಸರಕು ತೀರಿದವನ ಬರಹ ಅದಕ್ಕೂ ಮುಂಚಿನಿಂದಲೇ ಸಪ್ಪೆಯಾಗುತ್ತ ಬರುತ್ತದೆ. ನಿನ್ನನ್ನು ತಡೆದಿರುವುದು, ನನಗೆ ತೋರುವಂತೆ, ಆ ತಾಯಿಯ ಮಾತನ್ನು ನಾಳೆ ನಿಮ್ಮಮ್ಮ ಓದುತ್ತಾರೆ, ನಿಮ್ಮಣ್ಣ ಓದುತ್ತಾನೆ ಎಂಬ ಅಳುಕು.

ಪದವಿಟ್ಟು ಅಳಿಸದಿರುವುದೇ ತನ್ನ ಅಗ್ಗಳಿಕೆಯೆಂದು ಕುಮಾರವ್ಯಾಸ ಹೇಳಿಕೊಂಡದ್ದನ್ನು ನೆನೆದು ನೀನು ನಾಚಿಕೊಂಡಿದ್ದೀಯೆ. ಆದರೆ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದವನೂ ಅವನೇ ಅಲ್ಲವೆ? ಭಕ್ತಿಯ ಮಾತು ಹಾಗಿರಲಿ, ಬರೆಯುವವನಿಗೆ ಅದರಲ್ಲೊಂದು ಉಪಾಯವಿದೆ: ಒಪ್ಪು ತಪ್ಪುಗಳ ಹೊಣೆಯನ್ನು ಬೇರೊಬ್ಬರಿಗೆ ಒಪ್ಪಿಸಿ, ಕೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನಷ್ಟೇ ಅವನು ಉಳಿಸಿಕೊಂಡ. ಶಿವರಾಮ ಕಾರಂತರು ಎಷ್ಟೋ ಬರಹಗಳನ್ನು ಬಾಯಲ್ಲಿ ಹೇಳಿ ಬರೆಸಿದವರು. ನಿನಗೆ ಬರೆದುಕೊಳ್ಳುವವರು ಬೇಕಿಲ್ಲ, ಮೊಬೈಲು ಸಾಕು. ಆ ದಿನ ಏನಾಯಿತೆಂದು ನನ್ನೊಡನೆ ಮಾತಾಡುವ ಹಾಗೆಯೇ ಅದಕ್ಕೆ ಹೇಳು. ಮರುದಿನ ಕೇಳಿಸಿಕೊಂಡು ಲಿಪಿಕಾರನಂತೆ ಇಳಿಸು. ತಿದ್ದುವ ಕೆಲಸವನ್ನು ಅದೇ ದಿನ ಮಾಡಬೇಡ. ಮನೆಯವರು ಓದುವ ಪ್ರಶ್ನೆ ಅಚ್ಚಿಗೆ ಕೊಡುವಾಗ ಬರುವಂಥದು. ಆಗ ಹೆಸರು, ಊರು, ಬೇಕಿದ್ದರೆ ಇಡೀ ಪ್ರಸಂಗವನ್ನೇ ಬದಲಿಸಲು ನೀನು ಸ್ವತಂತ್ರ.

ಅದೂ ಆಗದಿದ್ದರೆ ತಾಯಿಯ ಮಾತಿಗೆಂದು ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗು. ಪಾತ್ರೆಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿಟ್ಟು ಪಾಲು ಮಾಡಿದ ಮೇಲೆ ಬಚ್ಚಲ ಹಂಡೆಯೊಂದು ಉಳಿಯಿತೆಂದೂ, ಒಲೆಗೆ ಹೂತು ಕೂರಿಸಿದ್ದ ಅದನ್ನು ಕೀಳಲು ಒಲೆಯನ್ನೇ ಒಡೆಯಬೇಕಾಯಿತೆಂದೂ ನೀನೇ ಒಮ್ಮೆ ಹೇಳಿದ್ದೆ. ಹಸ್ತಪ್ರತಿಯಲ್ಲಿ ಅದರ ಸುಳಿವೇ ಇಲ್ಲ! ಮೊದಲು ಅದನ್ನು ಬರೆ. ಹಾರೆಯ ಪೆಟ್ಟು ಬೀಳುವಾಗ ತಾಯಿ ಏನೆಂದಳೆಂಬುದು ತಾನಾಗಿ ಬರಬಹುದು. ಬಾರದಿದ್ದರೆ ಅವಳು ಮಾತೇ ಆಡಲಿಲ್ಲವೆಂದು ಇಟ್ಟುಕೊಳ್ಳೋಣ, ಕಥೆಗೆ ಅದರಿಂದ ನಷ್ಟವಿಲ್ಲ.

ವಯಸ್ಸಾಯಿತು, ಓದುಗರು ಮರೆತರು ಎಂಬ ಕೊರಗನ್ನು ಮಾತ್ರ ನನ್ನ ಮುಂದೆ ತೆಗೆಯಬೇಡ. ಕೆ. ಎಸ್. ನರಸಿಂಹಸ್ವಾಮಿಯವರ ‘ಮನೆಯಿಂದ ಮನೆಗೆ’ 1960ರಲ್ಲಿ ಬಂದ ಮೇಲೆ ಮುಂದಿನ ಕವನ ಸಂಕಲನ ‘ತೆರೆದ ಬಾಗಿಲು’ ಬಂದದ್ದು 1976ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಸಂದದ್ದು ಆ ಸಂಕಲನಕ್ಕೇ. ದೀಪಾವಳಿ ವಿಶೇಷಾಂಕದ ಗಡುವನ್ನೂ ಈ ವರ್ಷ ಮರೆತುಬಿಡು.

ಹಂಡೆಯ ಭಾಗ ಬರೆದಾದ ಮೇಲೆ, ಗೀಚಿದ್ದು ಗೀಚಿದಂತೆಯೇ, ಅಂಚೆಗೆ ಹಾಕು. ನೀನಾಗಿ ಕೇಳುವವರೆಗೆ ಅಭಿಪ್ರಾಯ ಹೇಳುವುದಿಲ್ಲ, ಕಾಗುಣಿತವನ್ನೂ ತಿದ್ದುವುದಿಲ್ಲ.

ಇತಿ ನಿನ್ನ,
ಗೆಳೆಯ