ಮಗುವಿಗೆ ಪ್ರಶ್ನೆ ಕೇಳುವುದನ್ನು ನಮ್ಮ ವಿ.ವಿ.ಗಳಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಡಿಗ್ರಿ ಆದ ಮೇಲೆ ಏನೇನು ಓದಬಹುದು ಎಂದು ನೀವು ಕೊಟ್ಟ ಮಾಹಿತಿಯಲ್ಲಿ ಫೊರೆನ್ಸಿಕ್ ಸೈಕಾಲಜಿಯ ಬಗ್ಗೆ ನಾಲ್ಕು ಸಾಲು ಇತ್ತು. ‘ಅಪರಾಧಿಯ ಮನಸ್ಸು ಓದುವ ವಿದ್ಯೆ’ ಎಂದು ಬರೆದು, ಪಕ್ಕದಲ್ಲಿ ಸುಳ್ಳು ಪತ್ತೆ ಯಂತ್ರದ ಚಿತ್ರ ಹಾಕಿದ್ದಿರಿ. ನನ್ನ ತಂಗಿಯ ಮಗಳು ಬಳ್ಳಾರಿಯಲ್ಲಿ ಸೈಕಾಲಜಿ ತಗೊಂಡು ಬಿ.ಎ. ಓದುತ್ತಿದ್ದಾಳೆ. ಆ ಚೂರನ್ನು ಕತ್ತರಿಸಿ ತಂದು, ‘ದೊಡ್ಡವ್ವ, ನಾನು ಇದನ್ನೇ ಓದ್ತೀನಿ’ ಅಂದಳು. ಓದಲಿ, ನನಗೆ ಬಹಳ ಸಂತೋಷ. ಆದರೆ ಕೋರ್ಟು, ಪೊಲೀಸರ ಕೆಲಸಕ್ಕೆ ಮನಶ್ಶಾಸ್ತ್ರ ಬಳಸುವ ಈ ವಿದ್ಯೆಯ ನಿಜವಾದ ಕೆಲಸ ಆ ಚಿತ್ರದಲ್ಲಿ ಇಲ್ಲ. ಸಾಕ್ಷಿಗಳನ್ನು, ಅದರಲ್ಲೂ ಮಕ್ಕಳನ್ನು, ಸರಿಯಾಗಿ ಕೇಳುವುದರಲ್ಲಿ ಇದೆ. ಅದಕ್ಕೇ ಈ ಪತ್ರ.

ಯಂತ್ರದ ಮಾತು ಮೊದಲು ಮುಗಿಸುತ್ತೇನೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷಿ ಆಗುವುದಿಲ್ಲ. ಆ ಪ್ರಕರಣದ ಹೆಸರಲ್ಲೇ ನಮ್ಮ ರಾಜ್ಯ ಇದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಯಂತ್ರ ನೋಡಿ ಈ ಕೋರ್ಸಿಗೆ ಹೋಗುವ ಮಕ್ಕಳಿಗೆ ಇಷ್ಟು ಗೊತ್ತಿರಬೇಕು.

ನಾನು ರಾಯಚೂರು, ಕೊಪ್ಪಳ ಕಡೆಯ ಕೋರ್ಟುಗಳಲ್ಲಿ ಸ್ಟೆನೊ ಆಗಿದ್ದವಳು. ಈಗ ನಿವೃತ್ತಿ ಆಗಿದೆ. ಸಾಕ್ಷಿ ಹೇಳಿದ್ದನ್ನು ಸಾಹೇಬರು, ಅಂದರೆ ನ್ಯಾಯಾಧೀಶರು, ಹೇಳಿ ಬರೆಸುತ್ತಾರೆ, ನಾವು ಟೈಪ್ ಮಾಡುತ್ತೇವೆ. ವಕೀಲರ ಪ್ರಶ್ನೆ, ಸಾಕ್ಷಿಯ ಉತ್ತರ ಎರಡನ್ನೂ ಸೇರಿಸಿ ಒಂದೇ ವಾಕ್ಯ ಮಾಡುವುದೇ ಜಾಸ್ತಿ. ಕಾನೂನೇ ಹಾಗಿದೆ. ಬೇಕೆನಿಸಿದ ಕಡೆ ಪ್ರಶ್ನೋತ್ತರವಾಗಿಯೂ ಬರೆಸಬಹುದು, ಅದು ನ್ಯಾಯಾಧೀಶರಿಗೆ ಬಿಟ್ಟದ್ದು. ದೊಡ್ಡವರ ಸಾಕ್ಷಿಗೆ ಈ ಪದ್ಧತಿ ಹೇಗೋ ನಡೆಯುತ್ತದೆ. ಮಕ್ಕಳು ಬಂದಾಗ ನನ್ನ ಕೈ ಎಷ್ಟೋ ಸಲ ತಡೆದು ನಿಂತಿದೆ.

ಒಂದು ಕೇಸು ಹೇಳುತ್ತೇನೆ. ಊರು, ಹೆಸರು ಹೇಳಬಾರದು, ಹೇಳುವುದಿಲ್ಲ. ಮನೆಯೊಳಗೆ ನಡೆದ ಹೊಡೆದಾಟ. ನೋಡಿದವನು ನಾಲ್ಕನೇ ಕ್ಲಾಸಿನ ಹುಡುಗ. ಕಟಕಟೆಯಲ್ಲಿ ನಿಂತರೆ ತಲೆ ಮಾತ್ರ ಕಾಣುತ್ತಿತ್ತು. ಸಾಹೇಬರು ಹತ್ತಿರ ಕರೆಸಿ ಕುರ್ಚಿ ಹಾಕಿಸಿದರು. ಇಷ್ಟು ಸಣ್ಣ ಮಕ್ಕಳಿಗೆ ನಿಜ ಸುಳ್ಳಿನ ತಿಳಿವಳಿಕೆ ಇದೆಯಾ ಎಂದು ಮೊದಲು ನೋಡುತ್ತಾರೆ. ‘ಸುಳ್ಳು ಹೇಳಿದರೆ ಏನಾಗುತ್ತೆ?’ ಎಂದು ಕೇಳಿದರು. ‘ದೇವ್ರು ಕಣ್ಣು ಕೀಳ್ತಾನ್ರಿ’ ಅಂದ.

ಎದುರು ಕಡೆಯ ವಕೀಲರ ಪಾಟೀ ಸವಾಲು ಶುರುವಾಯಿತು. ‘ನೀನು ಹೊರಗೆ ಆಡ್ತಿದ್ದಿ. ಒಳಗೆ ಏನಾಯ್ತು ಅಂತ ನೋಡಿಲ್ಲ, ಅಲ್ಲಾ?’ ಹುಡುಗ ‘ಹೂಂರಿ’ ಅಂದ. ನೋಡಿಲ್ಲ ಎಂದು ಹೂಂ ಅಂದನೋ, ನೋಡಿದ್ದೇನೆ ಎಂದು ಹೂಂ ಅಂದನೋ? ಅಥವಾ ದೊಡ್ಡವರು ಮಾತಾಡುವಾಗ ನಮ್ಮ ಮಕ್ಕಳು ಸುಮ್ನೆ ಹೂಂಗುಟ್ಟುತ್ತಾರಲ್ಲ, ಹಾಗೋ? ಕಾಗದದ ಮೇಲೆ ಅದು ‘ನಾನು ಮನೆಯೊಳಗಿನ ಘಟನೆಯನ್ನು ನೋಡಿಲ್ಲ ಎಂದರೆ ಸರಿ’ ಎಂದು ಬರುವುದರಲ್ಲಿತ್ತು. ಸಾಹೇಬರಿಗೆ ಅನುಮಾನ ಬಂತು. ಅದೇ ಪ್ರಶ್ನೆ ಮತ್ತೆ ಕೇಳಿದರು. ಹುಡುಗ ‘ಇಲ್ರಿ’ ಅಂದ. ಇನ್ನೊಂದು ಸಲ ಕೇಳಿದಾಗ ಅಳಲು ಶುರು ಮಾಡಿದ. ‘ಸಾಕ್ಷಿ ಅಳುತ್ತಿದ್ದಾನೆ’ ಎಂದು ಸಾಹೇಬರು ಬರೆಸಿದರು. ನಾನು ಟೈಪ್ ಮಾಡಿದೆ.

ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಕಕ್ಷಿದಾರನ ಪರ ಗಟ್ಟಿಯಾಗಿ ಕೇಳುವುದು ವಕೀಲರ ಕರ್ತವ್ಯ. ಸಾಹೇಬರಂತೂ ಮಗುವಿನ ಒಳ್ಳೆಯದಕ್ಕೇ ಮತ್ತೆ ಮತ್ತೆ ಕೇಳಿದರು. ಆದರೆ ಅದೇ ಪ್ರಶ್ನೆ ಪುನಃ ಕೇಳಿದರೆ, ಮೊದಲು ಹೇಳಿದ್ದು ತಪ್ಪಾಯಿತೇನೋ ಎಂದು ಮಗು ಉತ್ತರ ಬದಲಿಸುವುದುಂಟು. ಇದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅಷ್ಟು ಜನ ಓದಿದವರಿದ್ದ ಆ ಕೋಣೆಯಲ್ಲಿ ಇದನ್ನು ಯಾರಿಗೂ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವರ ನೆನಪೂ ಪ್ರಶ್ನೆಯ ಜೊತೆ ವಾಲುತ್ತದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾಲೇಜು ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಫಿಲ್ಮ್ ತೋರಿಸಿದರು. ಕಾರುಗಳು ತಾಗಿದಾಗ ಎಷ್ಟು ಸ್ಪೀಡಿತ್ತು ಎಂದು ಕೆಲವರನ್ನು, ಜಜ್ಜಿಹೋಗುವಂತೆ ಗುದ್ದಿದಾಗ ಎಷ್ಟಿತ್ತು ಎಂದು ಕೆಲವರನ್ನು ಕೇಳಿದರು. ಎರಡನೆಯವರು ಜಾಸ್ತಿ ಸ್ಪೀಡ್ ಹೇಳಿದರು. ವಾರದ ಮೇಲೆ ‘ಒಡೆದ ಗಾಜು ಕಂಡಿತಾ?’ ಎಂದರೆ, ಹೌದು ಅಂದವರೂ ಆ ಗುಂಪಿನಲ್ಲೇ ಜಾಸ್ತಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ.

ಮಗುವನ್ನು ಹೇಗೆ ಕೇಳಬೇಕು ಎನ್ನುವುದಕ್ಕೂ ಒಂದು ಕ್ರಮ ಇದೆ. ಅಮೆರಿಕದ ಮಕ್ಕಳ ಆರೋಗ್ಯ ಸಂಸ್ಥೆಯೊಂದರ ಹೆಸರಿನಲ್ಲಿ ಅದನ್ನು ಎನ್‌ಐಸಿಎಚ್‌ಡಿ ಪ್ರೊಟೊಕಾಲ್ ಅಂತಾರೆ. ಇಸ್ರೇಲ್ ಮೊದಲಾದ ದೇಶಗಳಲ್ಲಿ ಬಳಸುತ್ತಾರೆ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನು, ನಾನು ತಪ್ಪು ಹೇಳಿದರೆ ತಿದ್ದು ಎಂದು ಮಗುವಿಗೆ ಮೊದಲೇ ಹೇಳಬೇಕು. ಆಮೇಲೆ ಬೇರೆ ಯಾವುದೋ ಖುಷಿಯ ಸಂಗತಿ ಹೇಳಿಸಿ ಮಾತಿಗೆ ರೂಢಿ ಮಾಡಿಸಬೇಕು. ನಂತರ ‘ಏನಾಯ್ತು, ಎಲ್ಲಾ ಹೇಳು’ ಎಂದು ಬಿಟ್ಟುಬಿಡಬೇಕು. ‘ಹಿಂಗಾಯ್ತಾ, ಹಂಗಾಯ್ತಾ’ ಎಂದು ಬಾಯಿಗೆ ಮಾತು ಹಾಕಬಾರದು.

ಇದನ್ನು ನಮ್ಮಲ್ಲಿ ಮಾಡಲು ನಮ್ಮ ಮಾತು ಬಲ್ಲವರೇ ಬೇಕು. ಕೊಪ್ಪಳದ ಮಗುವಿಗೆ ‘ಗವಿಮಠದ ಜಾತ್ರಿಗೆ ಹೋಗಿದ್ದೇನು? ಏನೇನು ನೋಡಿದಿ?’ ಎಂದು ಶುರು ಮಾಡಿದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಇಲ್ಲಿನ ಮಗು ‘ಸಂಜೆ ಆರಕ್ಕೆ’ ಅನ್ನುವುದಿಲ್ಲ, ‘ದನ ಮನಿಗೆ ಬರೋ ಹೊತ್ತಿಗೆ’ ಅನ್ನುತ್ತದೆ. ‘ಕಾಕಾ’ ಅಂದರೆ ಅಪ್ಪನ ತಮ್ಮನೂ ಆಗಬಹುದು, ಓಣಿಯ ಯಾರೋ ಗಂಡಸೂ ಆಗಬಹುದು. ಯಾವ ಕಾಕಾ ಎಂದು ಮಗುವನ್ನು ಹೆದರಿಸದೆ ಕೇಳಿ ತಿಳಿಯಬೇಕು. ಒಬ್ಬರ ಇಡೀ ಬದುಕು ಅದರ ಮೇಲೆ ನಿಂತಿರಬಹುದು. ಆರೋಪ ಹೊತ್ತವನ ಬದುಕೂ ಸೇರಿದ ಹಾಗೆ ಹೇಳುತ್ತಿದ್ದೇನೆ.

ಕಾನೂನು ಹಿಂದೆ ಬಿದ್ದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರು ಸಮವಸ್ತ್ರದಲ್ಲಿ ಮಗುವಿನ ಹೇಳಿಕೆ ಪಡೆಯುವಂತಿಲ್ಲ. ವಿಚಾರಣೆಯಲ್ಲಿ ಎರಡೂ ಕಡೆಯ ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರೇ ಮಗುವನ್ನು ಕೇಳುತ್ತಾರೆ. ಇನ್ನು 16ರಿಂದ 18ರ ಹುಡುಗರು ಘೋರ ಅಪರಾಧದಲ್ಲಿ ಸಿಕ್ಕರೆ, ದೊಡ್ಡವರಂತೆ ವಿಚಾರಣೆ ಮಾಡಬೇಕೋ ಬೇಡವೋ ಎಂದು ನೋಡಲು 2015ರ ಬಾಲನ್ಯಾಯ ಕಾಯ್ದೆ ಪ್ರಾಥಮಿಕ ಮೌಲ್ಯಮಾಪನ ಮಾಡಿಸುತ್ತದೆ. ಇದನ್ನು ಮಾಡುವ ಬಾಲನ್ಯಾಯ ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ಮನಶ್ಶಾಸ್ತ್ರಜ್ಞರ ಅಥವಾ ಅಂಥ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಂದರೆ ಪ್ರತಿ ಜಿಲ್ಲೆಗೂ ಇಂಥವರು ಬೇಕು. ಎಲ್ಲಿಂದ ತರುವುದು?

ನನ್ನ ತಂಗಿಯ ಮಗಳಿಗೆ ಎಲ್ಲರೂ ತೋರಿಸುವ ದಾರಿ ಗುಜರಾತಿನ ಗಾಂಧಿನಗರ. ರಾಷ್ಟ್ರೀಯ ವಿಧಿವಿಜ್ಞಾನ ವಿ.ವಿ.ಯಲ್ಲಿ ಫೊರೆನ್ಸಿಕ್ ಸೈಕಾಲಜಿಯ ಎಂ.ಎಸ್ಸಿ. ಇದೆ. ಅದೇ ವಿ.ವಿ. ಧಾರವಾಡದಲ್ಲೂ ಕ್ಯಾಂಪಸ್ ತೆರೆದಿದೆ, ಒಳ್ಳೆಯದಾಯಿತು. ಆದರೆ ಅವಳ ಅಪ್ಪನದು ಗಂಗಾವತಿ ಹತ್ತಿರ ಭತ್ತದ ಗದ್ದೆ. ಎರಡನೇ ಬೆಳೆಗೆ ಕಾಲುವೆ ನೀರು ಬಾರದ ವರ್ಷ ಮಗಳನ್ನು ಅಷ್ಟು ದೂರ ಇಟ್ಟು ಓದಿಸುವುದು ಅವರಿಗೆ ಹೊರೆ. ಹಾಗೆ ಹೋದವರಲ್ಲಿ ಎಷ್ಟು ಮಂದಿ ಮಾನ್ವಿಗೋ ಕುಷ್ಟಗಿಗೋ ಕೆಲಸಕ್ಕೆ ವಾಪಸ್ ಬಂದಾರು?

ತಂದೆ ತಾಯಂದಿರಿಗೆ ಇನ್ನೊಂದು ಮಾತು. ಫೊರೆನ್ಸಿಕ್ ಸೈಕಾಲಜಿಯ ಎಂ.ಎಸ್ಸಿ. ಒಂದೇ ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಬರುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ಮಾನ್ಯತೆ ಇರುವ ಕೋರ್ಸ್ ಬೇರೆ ಮಾಡಿ ನೋಂದಣಿ ಆಗಬೇಕು. ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ. ಇದೆ. ರಾಯಚೂರು, ಕೊಪ್ಪಳಕ್ಕೂ ವಿ.ವಿ. ಬಂದಿವೆ. ಹೊಸ ವಿಭಾಗ, ಹೊಸ ಕಟ್ಟಡ ಎಂದು ಕಾಯುವುದು ಬೇಡ. ಸೈಕಾಲಜಿ, ಸಮಾಜಕಾರ್ಯ, ಕಾನೂನು ಓದುವವರಿಗೆ ಒಂದು ಪೇಪರ್ ಆದರೂ ಇಡಿ: ಸಾಕ್ಷಿಯ ನೆನಪು, ಮಕ್ಕಳನ್ನು ಕೇಳುವ ಕ್ರಮ, ಬಾಲನ್ಯಾಯ ಮಂಡಳಿಯ ಕೆಲಸ. ಅದನ್ನು ಕನ್ನಡದಲ್ಲೇ ಕಲಿಸಿ, ನಮ್ಮ ಮಾತಿನಲ್ಲೇ ಅಭ್ಯಾಸ ಮಾಡಿಸಿ. ಆಗದ ಕೆಲಸ ಏನಲ್ಲ. ಫ್ರಾನ್ಸಿನ ಬಿನೆ ಎಂಬವರ ಬುದ್ಧಿಮತ್ತೆ ಪರೀಕ್ಷೆಯನ್ನು ಡಾ. ವಿ.ವಿ. ಕಾಮತ್ ಎಂಬವರು ಸ್ವಾತಂತ್ರ್ಯಕ್ಕೆ ಮೊದಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿಕೊಟ್ಟಿದ್ದರು. ಬಿನೆ–ಕಾಮತ್ ಎಂಬ ಹೆಸರು ಸೈಕಾಲಜಿ ಓದಿದವರಿಗೆಲ್ಲ ಗೊತ್ತು.

ಕಲಿಸುವವರು ಯಾರು ಎನ್ನುತ್ತೀರಾ? ಪಾಠಕ್ಕೆ ಮೇಷ್ಟ್ರು ಇದ್ದಾರೆ. ಕೋರ್ಟಿನೊಳಗೆ ಮಾತು ಕಾಗದಕ್ಕೆ ಇಳಿಯುವುದು ಹೇಗೆ ಎಂದು ತೋರಿಸಲು ನಮ್ಮಂಥ ನಿವೃತ್ತ ಸ್ಟೆನೊಗಳು, ಬೆಂಚ್ ಕ್ಲರ್ಕುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಯಾವ ವಿ.ವಿ. ಕರೆದರೂ ನಾನು ಬರುತ್ತೇನೆ, ಗೌರವಧನ ಬೇಡ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಿ.

— ಒಬ್ಬ ನಿವೃತ್ತ ಶೀಘ್ರಲಿಪಿಗಾರ್ತಿ, ಗಂಗಾವತಿ, ಕೊಪ್ಪಳ ಜಿಲ್ಲೆ