ಪಿ30 ರೋಲ್ ಬೇಕಾದವರು ಓದಿ

ಎಲ್ಲರಿಗೂ ನಮಸ್ಕಾರ. ಫೆರಾನಿಯಾ ಪಿ30 ಎಂಬ ಕಪ್ಪು-ಬಿಳುಪು ಕ್ಯಾಮೆರಾ ಫಿಲಂ ತರಿಸೋಣ ಎಂದು ನಾಲ್ಕೈದು ಜನ ಕೇಳಿದ್ದೀರಿ. ಭಾನುವಾರ ರಾತ್ರಿಯೊಳಗೆ ನಿಮ್ಮ ಹೆಸರು, ಎಷ್ಟು ರೋಲ್ ಬೇಕು ಎಂದು ಇಲ್ಲೇ ಹಾಕಿ. ಆಮೇಲೆ ಕೇಳಿದರೆ ನನ್ನ ಕೈಲಿ ಆಗಲ್ಲ.

ಇದು ಹೊಸದಾಗಿ ಕಂಡುಹಿಡಿದ ಫಿಲಂ ಅಲ್ಲ. ಇಟಲಿಯ ಲಿಗುರಿಯಾದಲ್ಲಿ ಫೆರಾನಿಯಾ ಎಂಬ ಊರಿದೆ. 1960ರ ಸುಮಾರಿಗೆ ಅಲ್ಲಿನ ಕಾರ್ಖಾನೆ ಸಿನಿಮಾದವರಿಗೆ ಮಾಡಿಕೊಡುತ್ತಿದ್ದ ಕಪ್ಪು-ಬಿಳುಪು ಫಿಲಂ ಇದು. ಕಾರ್ಖಾನೆ ನಿಂತು ಕೆಲವು ವರ್ಷಗಳಾದ ಮೇಲೆ ಹೊಸ ತಂಡವೊಂದು 2014ರಲ್ಲಿ ಜನರಿಂದ ದುಡ್ಡು ಕೂಡಿಸಿತು. ಆಗ ಹೇಳಿದ್ದು ಕಲರ್ ಸ್ಲೈಡ್ ಫಿಲಂ ಮಾಡುತ್ತೇವೆ ಅಂತ. 2017ರಲ್ಲಿ ಮೊದಲು ಹೊರಬಂದದ್ದು ಮಾತ್ರ ಈ ಹಳೇ ಪಿ30! ನನಗಂತೂ ಬೇಜಾರಿಲ್ಲ.

ಬೆಳ್ಳಿ ಜಾಸ್ತಿ ಇರುವ ಫಿಲಂ. ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಾಳು, ತುಂಬಾ ಸಣ್ಣ. ಬೆಳಕು ಹಿಡಿಯುವ ವೇಗ ಐಎಸ್‌ಒ 80. ಆದರೆ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಜೋರು. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ನೆರಳೆಲ್ಲ ಇದ್ದಿಲು. ಮೋಡದ ದಿನ ಅಥವಾ ಕಿಟಕಿಯ ಬೆಳಕು ಒಳ್ಳೆಯದು. ಬೆಳಕು ಅಳೆಯುವ ಮೀಟರನ್ನು ನೆರಳಿನ ಕಡೆಗೂ ಹಿಡಿದು ನೋಡಿ. ಡೆವಲಪ್ ಮಾಡುವಾಗ ಸಮಯ ಎಳೆಯಬೇಡಿ, ಟ್ಯಾಂಕನ್ನು ಸುಮ್ನೆ ಜಾಸ್ತಿ ಅಲುಗಾಡಿಸಬೇಡಿ. ಎರಡರಿಂದಲೂ ಕಾಂಟ್ರಾಸ್ಟ್ ಇನ್ನೂ ಏರುತ್ತದೆ.

ಹಿರಿಯರಿಗೆ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಎಂಬ ಹೆಸರಿನ ಫಿಲಂ ನೆನಪಿರಬಹುದು. ಅದಕ್ಕೂ ಯಾರಾದರೂ ಹೀಗೆ ಜೀವ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ದುಡ್ಡು ಈಗಲೇ ಕಳಿಸಬೇಡಿ. ಸಾಗಣೆ, ಸುಂಕ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಸೋಮವಾರ ಹೇಳುತ್ತೇನೆ.