ಸಂಜೆ ಆ ಮಗು ಎದ್ದಿತೆ?

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರ ಪತ್ರಿಕೆಯ ಈ ಸಂಚಿಕೆಗೆ ರಾಜ್ಯೋತ್ಸವದ ಕುರಿತು ಬರೆಯಬೇಕೆಂದು ಎರಡು ವಾರಗಳಿಂದ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ನಾಳೆ ಬೆಳಿಗ್ಗೆ ಪುಟಗಳು ಮುದ್ರಣಕ್ಕೆ ಹೋಗಬೇಕು. ಈಗ ರಾತ್ರಿ ಹನ್ನೊಂದೂಕಾಲು. ಆ ಟಿಪ್ಪಣಿಯನ್ನು ಬದಿಗಿಟ್ಟು ಬೇರೆಯದನ್ನೇ ಬರೆಯಲು ಕುಳಿತಿದ್ದೇನೆ. ಊಟದ ಹೊತ್ತಿಗೆ ಮಗಳು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಶಾಲೆಯಿಂದ ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಔಷಧದಂಗಡಿಯನ್ನು ಜೋಡಿಸಿಟ್ಟಿದ್ದಾರಂತೆ. ಗಾಜಿನ ಭರಣಿಗಳ ತುಂಬ ಬಣ್ಣಬಣ್ಣದ ಕೆಮ್ಮಿನ ಗುಳಿಗೆಗಳು, ಪಕ್ಕದಲ್ಲಿ ಸಣ್ಣ ಸಣ್ಣ ಸೀಸೆಗಳು. ಅನ್ನ ಕಲಸುತ್ತಾ ಅವಳು ಕೇಳಿದಳು: "ಅಮ್ಮಾ, ಆಗಿನ ಅಮ್ಮಂದಿರು ಪಾಪುಗಳಿಗೆ ಅಫೀಮು ಕುಡಿಸುತ್ತಿದ್ದರಂತೆ. ಅವರೆಲ್ಲ ಕೆಟ್ಟವರೇ?"

"ಅಲ್ಲ" ಎಂದೆ, ಯೋಚಿಸುವ ಮೊದಲೇ. ಹಾಗೆ ಹೇಳಿಸಿದ್ದು ಇದೇ ಮಗಳು ಹತ್ತು ತಿಂಗಳ ಕೂಸಾಗಿದ್ದಾಗಿನ ಒಂದು ರಾತ್ರಿ.

ನಾವು ಇಂಗ್ಲೆಂಡಿನ ಲಂಕಾಶೈರಿಗೆ ಬಂದು ಮೂರು ತಿಂಗಳಾಗಿತ್ತು. ಡಿಸೆಂಬರ್. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಮನೆಯವರಿಗೆ ರಾತ್ರಿ ಪಾಳಿ. ಕೂಸಿಗೆ ಮೂರು ದಿನಗಳಿಂದ ಕೆಮ್ಮು. ಮಲಗಿಸಿದರೆ ಕೆಮ್ಮುತ್ತಿತ್ತು, ಎತ್ತಿಕೊಂಡರೆ ನಿದ್ದೆ ಹೋಗುತ್ತಿತ್ತು. ಹೆಗಲ ಮೇಲೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೆ. ಒಂದು ಗಂಟೆ ಹೊಡೆದಾಗ ಊರಿನಲ್ಲಿ ಆರೂವರೆ, ಅಮ್ಮ ಎದ್ದಿರುತ್ತಾರೆ ಎಂದು ಫೋನ್ ಮಾಡಿದೆ. "ಬೆರಳಿನ ತುದಿಯಲ್ಲಿ ಒಂದಿಷ್ಟು ಜೇನುತುಪ್ಪ ನೆಕ್ಕಿಸು" ಎಂದರು ಅಮ್ಮ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೂಡದು, ಅಪರೂಪಕ್ಕಾದರೂ ಅದರಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ ಎಂದು ಇಲ್ಲಿನ ದಾದಿ ಹೇಳಿಹೋಗಿದ್ದರು. ಅಮ್ಮನಿಗೆ ಅದನ್ನು ಹೇಳಲಾಗಲಿಲ್ಲ. "ಆಯಿತಮ್ಮ" ಎಂದು ಫೋನ್ ಇಟ್ಟೆ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬೀದಿಯ ಕೊನೆಯ ಔಷಧದಂಗಡಿಯ ಮುಂದೆ ನಿಂತಿದ್ದೆ. ಅಲ್ಲಿದ್ದ ಹಿರಿಯ ಮಹಿಳೆ ಸಿರಪ್ ಕೊಡಲಿಲ್ಲ. 2009ರಿಂದ ಈ ದೇಶದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯ ಕೆಮ್ಮು ನೆಗಡಿ ಔಷಧ ಕೊಡಬಾರದೆಂದು ಸೂಚನೆಯಿದೆ: ಉಪಯೋಗವಾಗುತ್ತದೆಂಬುದಕ್ಕೆ ಸಾಕ್ಷ್ಯವಿಲ್ಲ, ಅಡ್ಡಪರಿಣಾಮದ ಭಯವಿದೆ. ನನಗೆ ಅಳು ಬಂತು. ಆಕೆ ಹೊರಗೆ ಬಂದು ಕುರ್ಚಿ ಹಾಕಿ ಕೂರಿಸಿದರು. ಕೂಸಿನ ಉಸಿರಾಟ ನೋಡಿದರು, ಹಾಲು ಕುಡಿಯುತ್ತಿದೆಯೇ, ಜ್ವರವಿದೆಯೇ ಎಂದು ಕೇಳಿದರು, ಏನಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕೆಂದು ಹೇಳಿದರು. ಆಮೇಲೆ ಸೆಳೆಖಾನೆಯಿಂದ ಒಂದು ಪೊಟ್ಟಣ ತೆಗೆದು, ಕಡುಕಂದು ಬಣ್ಣದ ಗುಳಿಗೆಯೊಂದನ್ನು ನನ್ನ ಅಂಗೈಯಲ್ಲಿಟ್ಟರು. "ಇದು ಕೂಸಿಗಲ್ಲ, ನಿನಗೆ."

ಬಾಯಿಗೆ ಹಾಕಿಕೊಂಡ ಕೂಡಲೇ ಗಂಟಲಿನಿಂದ ಮೂಗಿನವರೆಗೆ ಖಾರವೇರಿತು. ಅದು ಇಳಿದ ಮೇಲೆ ಹಿಂದಿನಿಂದ ನಿಧಾನವಾಗಿ ಜ್ಯೇಷ್ಠಮಧುವಿನ ಸಿಹಿ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಪರಿಚಯದ ರುಚಿಯೊಂದು ಸಿಕ್ಕಿತ್ತು.

ಅದು ವಿಕ್ಟರಿ ವಿ. 1864ರಲ್ಲಿ ಇದೇ ಲಂಕಾಶೈರಿನ ನೆಲ್ಸನ್ ಪಟ್ಟಣದಲ್ಲಿ ಹುಟ್ಟಿದ ಗುಳಿಗೆ. ಹಿಂದೆ ಇದರಲ್ಲಿ ಅರಿವಳಿಕೆಗೆ ಬಳಸುತ್ತಿದ್ದ ಈಥರ್ ಮತ್ತು ಕ್ಲೋರೋಫಾರ್ಮ್ ಇರುತ್ತಿದ್ದವು ಎಂದು ಆಕೆಯೇ ಹೇಳಿದರು. ಈಗ ಇಲ್ಲ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ನೋವಿಗೆ ಬಳಸಿದ ಅದೇ ಕ್ಲೋರೋಫಾರ್ಮ್. ಅದರ ರುಚಿಯೇ ಸಿಹಿ. ಹಾಗಾಗಿ ಔಷಧಗಳ ಕಹಿಯನ್ನು ಮರೆಮಾಚಲು ಬಹಳ ಕಾಲ ಬಳಸಿದರು. ಆಗಿನ ಗುಳಿಗೆಗಳಲ್ಲಿ ಕ್ಲೋರೋಡೈನ್ ಎಂಬುದೂ ಸೇರುತ್ತಿತ್ತು. ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಮಾಡಿದ ಮಿಶ್ರಣ ಅದು: ಅಫೀಮಿನ ಟಿಂಕ್ಚರ್ (ಮದ್ಯಸಾರದಲ್ಲಿ ಇಳಿಸಿದ ಸಾರ), ಗಾಂಜಾದ ಟಿಂಕ್ಚರ್, ಕ್ಲೋರೋಫಾರ್ಮ್. ಪ್ಯಾರೆಗೊರಿಕ್ ಎಂಬ ಇನ್ನೊಂದರಲ್ಲಿ ಅಫೀಮಿನ ಜೊತೆಗೆ ಕರ್ಪೂರ ಮತ್ತು ಸೋಂಪಿನ ಎಣ್ಣೆ. ಅದನ್ನು ಸಕ್ಕರೆ ಪಾಕಕ್ಕೆ ಬೆರೆಸಿ ಮಿಠಾಯಿ ಮಾಡಿ ಮಾರುತ್ತಿದ್ದರು. 1898ರಲ್ಲಿ ಬಾಯರ್ ಕಂಪನಿ ಹೆರಾಯಿನ್ನನ್ನು ಮಾರುಕಟ್ಟೆಗೆ ತಂದದ್ದು ಕೂಡ ಕೆಮ್ಮಿನ ಔಷಧವಾಗಿಯೇ. ಇವು ಕೆಮ್ಮು ನಿಲ್ಲಿಸುತ್ತಿದ್ದವು ಎಂಬುದು ನಿಜ. ಅಫೀಮು ಮಿದುಳಿನಲ್ಲೇ ಕೆಮ್ಮನ್ನು ಅಡಗಿಸುತ್ತದೆ. ಉಸಿರನ್ನು ನಿಧಾನಿಸುವುದೂ ಅದೇ.

ಔಷಧದಂಗಡಿಯ ಆ ಮಹಿಳೆಯ ಅಜ್ಜಿಯ ಮನೆಯವರೆಲ್ಲ ಹತ್ತಿ ಗಿರಣಿಯಲ್ಲಿ ದುಡಿದವರು. ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಔಷಧದ ಹೆಸರೊಂದಿತ್ತು: ಗಾಡ್‌ಫ್ರೀಸ್ ಕಾರ್ಡಿಯಲ್. ಕಾಕಂಬಿ, ನೀರು, ಸಾಸಫ್ರಾಸ್ ಎಂಬ ಮರದ ಪರಿಮಳ, ಮತ್ತು ಅಫೀಮು. ಬೆಳಗಿನ ಜಾವ ಗಿರಣಿಗೆ ಹೊರಡುವ ತಾಯಿ ಕೂಸನ್ನು ನೆರೆಯ ಮುದುಕಿಯ ಬಳಿ ಬಿಡುತ್ತಿದ್ದಳು. ಆ ಮುದುಕಿಗೆ ನೋಡಿಕೊಳ್ಳಲು ಬೇರೆ ಕೂಸುಗಳೂ ಇರುತ್ತಿದ್ದವು. ಒಂದೊಂದು ಚಮಚ ಕುಡಿಸಿದರೆ ಎಲ್ಲವೂ ಸುಮ್ಮನೆ ಮಲಗುತ್ತಿದ್ದವು. ಅಂಗಡಿಯಿಂದ ಅಂಗಡಿಗೆ ಅದರ ತೀವ್ರತೆ ಬೇರೆ. ಸೀಸೆಯ ಮೇಲೆ ಒಳಗಿರುವುದನ್ನು ಬರೆಯಬೇಕೆಂಬ ಕಟ್ಟುಪಾಡಿರಲಿಲ್ಲ. ಕೂಸುಗಳು ವಿಷವೇರಿ ಸಾಯುತ್ತಿದ್ದದ್ದು ಒಂದು ಬಗೆ. ನಿದ್ದೆಯಲ್ಲೇ ಇದ್ದು, ಹಸಿವೆಂದು ಅಳಲೂ ಆಗದೆ, ಸೊರಗಿ ಹೋಗುತ್ತಿದ್ದದ್ದು ಇನ್ನೊಂದು.

ಬೆಟ್ಟದ ಆಚೆ ಪಕ್ಕದ ಬ್ರಾಡ್‌ಫರ್ಡಿನಲ್ಲಿ 1858ರಲ್ಲಿ ಪೆಪ್ಪರಮೆಂಟು ತಿಂದು ಸುಮಾರು ಇಪ್ಪತ್ತು ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ದುಬಾರಿ ಸಕ್ಕರೆಯ ಬದಲು ಬೆರೆಸುತ್ತಿದ್ದ ಬಿಳಿ ಪುಡಿಯನ್ನು ತರಲು ಹೋದಾಗ, ಔಷಧದಂಗಡಿಯಲ್ಲಿ ತಪ್ಪಿ ಪಾಷಾಣವನ್ನು (ಆರ್ಸೆನಿಕ್) ತೂಗಿಕೊಟ್ಟಿದ್ದರು. ಎರಡೂ ಬಿಳಿ ಪುಡಿಯೇ. ಯಾರಿಗೂ ಶಿಕ್ಷೆಯಾಗಲಿಲ್ಲ. ಹತ್ತು ವರ್ಷಗಳ ನಂತರ, 1868ರಲ್ಲಿ, ಅಫೀಮಿನ ಸೀಸೆಗೆ 'ವಿಷ' ಎಂಬ ಚೀಟಿ ಅಂಟಿಸಬೇಕೆಂಬ ಕಾನೂನು ಬಂತು. ಆದರೆ ತಮ್ಮದೇ ಹೆಸರಿನ ಸಿದ್ಧ ಸೀಸೆಗಳಲ್ಲಿ ಪೇಟೆಂಟ್ ಔಷಧಗಳೆಂದು ಮಾರುತ್ತಿದ್ದವನ್ನು ಅದರಿಂದ ಹೊರಗಿಟ್ಟರು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ತಾಯಂದಿರ ಮೇಲಲ್ಲ. ನನ್ನ ಕೈಗೆ ಆ ರಾತ್ರಿ ಯಾರಾದರೂ ಸಿಹಿಯಾದೊಂದು ಸೀಸೆ ಕೊಟ್ಟು "ಮಗು ನಿದ್ದೆ ಮಾಡುತ್ತದೆ" ಎಂದಿದ್ದರೆ, ನಾನು ಕೇಳದೆ ಕುಡಿಸುತ್ತಿದ್ದೆ.

ಇಷ್ಟನ್ನೂ ಮಗಳಿಗೆ ಅವಳಿಗೆ ತಿಳಿಯುವಷ್ಟು ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಹೋಗಿ, ತೊಳೆಯುವ ಜಾಗದಲ್ಲಿಟ್ಟು, ತಿರುಗಿ ಬಂದು ಕೇಳಿದಳು: "ಸಂಜೆ ಅಮ್ಮ ಗಿರಣಿಯಿಂದ ಬಂದಾಗ ಆ ಮಗು ಎದ್ದಿತೆ?"

ಕೆಲವು ಎದ್ದವು, ಕೆಲವು ಏಳಲಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಚಳಿಗಾಲಕ್ಕೆ ನಮ್ಮಲ್ಲಿ ಹಲವರ ಮನೆಗೆ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಪ್ರೀತಿಯಿಂದ ಕೆಮ್ಮಿನ ಸಿರಪ್ಪುಗಳೂ ಬರುತ್ತವೆ. ದಯವಿಟ್ಟು ಚೀಟಿಯನ್ನು ಓದಿ. ಆರು ವರ್ಷದೊಳಗಿನ ಮಕ್ಕಳಿಗೆ ಕುಡಿಸಬೇಡಿ. ಅಫೀಮಿನ ಕುಲದ ಕೊಡೀನ್ ಇರುವ ಕೆಮ್ಮಿನ ಔಷಧವನ್ನು 2024ರಿಂದ ಇಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ರಕ್ತದೊತ್ತಡವಿರುವ ಹಿರಿಯರು ಜ್ಯೇಷ್ಠಮಧುವಿನ ಮಿಠಾಯಿಯನ್ನು ದಿನವೂ ಚೀಪುವುದು ಬೇಡ. ಅದು ಒತ್ತಡವನ್ನು ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಅವರಿಗೆ ಇದನ್ನು ಮೆತ್ತಗೆ ಹೇಳಿ. ನಾನು ಅಮ್ಮನಿಗೆ ಹೇಳಲಾರದೆ ಫೋನ್ ಇಟ್ಟ ಹಾಗೆ ಮಾಡಬೇಡಿ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಮಧ್ಯಾಹ್ನ ಎರಡಕ್ಕೆ, ಎಂದಿನ ಸಭಾಂಗಣ. ನಾಡಗೀತೆ ಹಾಡುವ ಮಕ್ಕಳು ಒಂದಕ್ಕೇ ಬರಬೇಕು. ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆ ಇರುವವರು ತಿಳಿಸಿ, ಕಳೆದ ವರ್ಷದ್ದು ಯಾರ ಮನೆಯಲ್ಲಿ ಉಳಿದಿದೆಯೋ ಹುಡುಕಿ. ಕನ್ನಡ ಕಲಿ ತರಗತಿ ಈ ಭಾನುವಾರ ಇಲ್ಲ, ಮುಂದಿನ ಭಾನುವಾರದಿಂದ ಎಂದಿನಂತೆ. ಸದಸ್ಯತ್ವದ ಬಾಕಿಯನ್ನು ಅಂದೇ ಬಾಗಿಲಲ್ಲಿ ಕಟ್ಟಬಹುದು.

ಇನ್ನೊಂದು ಮಾತು. ಈ ಪತ್ರಿಕೆಯ ಕರಡು ತಿದ್ದುತ್ತಿದ್ದ ದಂಪತಿ ಆಗಸ್ಟ್‌ನಲ್ಲಿ ಊರಿಗೇ ಮರಳಿದರು. ಆಮೇಲಿನ ಮೂರು ಸಂಚಿಕೆಗಳನ್ನು ನಾನೊಬ್ಬಳೇ ತಿದ್ದಿದ್ದೇನೆ, ಇನ್ನು ಆಗುತ್ತಿಲ್ಲ. ತಿಂಗಳಿಗೆ ಎರಡು ಸಂಜೆ ಸಾಕು. ಕನ್ನಡ ಓದಲು ಬರುವ ಯಾರಾದರೂ ಸರಿ, ರಾಜ್ಯೋತ್ಸವದ ದಿನ ಟೀ ಮೇಜಿನ ಬಳಿ ನನ್ನನ್ನು ಹಿಡಿಯಿರಿ.